ಎಡಗಡೆ ಸೀಟಿನಲ್ಲಿ ಯಾರೇ ಕೂತಿರಲಿ

ಮಗಳೇ, ಮುಂದಿನ ತಿಂಗಳಿಂದ ನೀನು ನಾಯಂಡಹಳ್ಳಿಯಿಂದ ಜಕ್ಕೂರಿನ ವಿಮಾನ ಚಾಲನಾ ಶಾಲೆಗೆ ಹೋಗಿಬರುವವಳು. ಮನೆಮಂದಿಯೆಲ್ಲ ನಿನಗೆ ಧೈರ್ಯ ಹೇಳಿದ್ದಾರೆ. ನಾನು ಎಚ್‌ಎಎಲ್‌ನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಸರ್ವಿಸ್ ಮುಗಿಸಿದವನು, ವಿಮಾನ ಹಾರಿಸಿದವನಲ್ಲ. ಆದರೂ ದೊಡ್ಡಪ್ಪನಾಗಿ ಒಂದು ಮಾತು ಹೇಳದೆ ಕಳಿಸಲು ಮನಸ್ಸಾಗುತ್ತಿಲ್ಲ. ದೊಡ್ಡವರಿಗೆ ಎದುರಾಡಬಾರದು ಅಂತ ನಿನ್ನನ್ನು ಬೆಳೆಸಿದ್ದೇವೆ. ಮನೆಯಲ್ಲಿ ಅದು ಸರಿ. ಕಾಕ್‌ಪಿಟ್ಟಿನೊಳಕ್ಕೆ ಅದನ್ನು ಹೊತ್ತುಕೊಂಡು ಹೋಗಬೇಡ.

ಮಂಗಳೂರಿನ ದುರಂತ ನಡೆದಾಗ ನೀನಿನ್ನೂ ಮಗು. 2010ರ ಮೇ 22, ಬೆಳಿಗ್ಗೆ ಆರರ ಹೊತ್ತು. ದುಬೈನಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜ್ಪೆಯಲ್ಲಿ ಇಳಿಯಬೇಕಿತ್ತು. ಒಳಗಿದ್ದವರು 166 ಜನ. ಕೊಲ್ಲಿಯಲ್ಲಿ ದುಡಿದು ಊರಿಗೆ ಬರುತ್ತಿದ್ದ ದಕ್ಷಿಣ ಕನ್ನಡದವರು, ಉಡುಪಿಯವರು, ಕಾಸರಗೋಡಿನವರು. ಬದುಕಿ ಬಂದವರು ಎಂಟೇ ಜನ.

ಆ ರಾತ್ರಿಯ ಹಾರಾಟದಲ್ಲಿ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು. ಅವರ ಗೊರಕೆಯ ಸದ್ದು ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿತ್ತು. ಮಂಗಳೂರಿನ ರಾಡಾರ್ ಆಗ ಕೆಟ್ಟಿದ್ದರಿಂದ ವಿಮಾನ ತಡವಾಗಿ ಕೆಳಗಿಳಿಯತೊಡಗಿತು. ರನ್‌ವೇ ಹತ್ತಿರವಾದಾಗ ಅದು ಇರಬೇಕಾದ ಎತ್ತರದ ಸುಮಾರು ಎರಡು ಪಟ್ಟು ಮೇಲಿತ್ತು. ಸಹಪೈಲಟ್ಟಿಗೆ ಅದು ಕಂಡಿತು. ಗೋ ಅರೌಂಡ್ ಅಂದರು. ಒಂದು ಸಲವಲ್ಲ, ಮೂರು ಸಲ. ಯಂತ್ರವೂ ಎಚ್ಚರಿಕೆ ಕೊಡುತ್ತಲೇ ಇತ್ತು. ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಅದಾದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ನೋಡಿದರು. ಗುಡ್ಡದ ನೆತ್ತಿಯ ಮೇಲಿನ ಆ ರನ್‌ವೇ ಮುಗಿದು, ವಿಮಾನ ಕಣಿವೆಗೆ ಬಿತ್ತು.

ಗೋ ಅರೌಂಡ್ ಎಂದರೆ ಇಳಿಯುವುದನ್ನು ಕೈಬಿಟ್ಟು, ಮೇಲೇರಿ, ಸುತ್ತು ಹಾಕಿ ಮತ್ತೆ ಬರುವುದು. ನಮ್ಮ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಫ್ಲೈಓವರ್ ಹತ್ತಬೇಕಾದ ಗಾಡಿ ಕೆಳಗಿನ ರಸ್ತೆಗೆ ಬಂದುಬಿಟ್ಟರೆ, ಮುಂದೆ ಹೋಗಿ ತಿರುಗಿಸಿಕೊಂಡು ಬರಬೇಕೇ ಹೊರತು ಕೊನೇ ಗಳಿಗೆಯಲ್ಲಿ ಅಡ್ಡ ಎಳೆಯಬಾರದಲ್ಲ, ಹಾಗೆ. ಹತ್ತು ನಿಮಿಷ ತಡವಾಗುತ್ತದೆ, ಒಂದಿಷ್ಟು ಇಂಧನ ಹೋಗುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ.

ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದಲ್ಲಿ ತನಿಖೆ ನಡೆಯಿತು. ಕ್ಯಾಪ್ಟನ್ ಇಳಿಸುವುದನ್ನು ಕೈಬಿಡದೇ ಹೋದದ್ದೇ ನೇರ ಕಾರಣ ಎಂದು ವರದಿ ಬರೆಯಿತು. ಬೈಗುಳವೇ ಸಾಕಾಗಿದ್ದರೆ ಕಡತ ಅಲ್ಲೇ ಮುಚ್ಚಬಹುದಿತ್ತು. ಆದರೆ ವರದಿ ಇನ್ನೂ ಕೆದಕಿತು. ನಿದ್ದೆಯಿಂದ ಎದ್ದವನ ಬುದ್ಧಿ ಮಂಕಾಗಿರುವ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಸಹಪೈಲಟ್ ತಾನಾಗಿಯೇ ಗೋ ಅರೌಂಡ್ ಶುರುಮಾಡಬಹುದೇ ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು ಎಂದೂ ತೋರಿಸಿತು. ಅಪಾಯ ಕಂಡವನಿಗೆ ಬಾಯಿ ಇತ್ತು. ಕೈ ಹಾಕುವ ಅಧಿಕಾರ ತನಗುಂಟೋ ಇಲ್ಲವೋ ಎಂಬುದು ಸ್ಪಷ್ಟವಿರಲಿಲ್ಲ. ನನ್ನನ್ನು ಇವತ್ತಿಗೂ ಕಾಡುವುದು ಇದು.

ಅದಕ್ಕೂ ಇಪ್ಪತ್ತು ವರ್ಷ ಮೊದಲು ನಮ್ಮ ಬೆಂಗಳೂರಿನಲ್ಲೇ ಒಂದು ವಿಮಾನ ಬಿತ್ತು. 1990ರ ಫೆಬ್ರುವರಿ 14ರ ಮಧ್ಯಾಹ್ನ, ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605. ಹೊಸ ಏರ್‌ಬಸ್ ಎ320. ಎಚ್‌ಎಎಲ್ ರನ್‌ವೇ ಇನ್ನೂ ಮುಂದಿರುವಾಗಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಇದ್ದ 146 ಜನರಲ್ಲಿ 92 ಮಂದಿ ತೀರಿಹೋದರು. ವಿಮಾನದಲ್ಲಿ ದೋಷವಿರಲಿಲ್ಲ. ಎಂಜಿನ್‌ಗಳು ಐಡಲ್‌ನಲ್ಲೇ ಉಳಿಯುವ ಮೋಡ್‌ನಲ್ಲಿ ವಿಮಾನ ಇಳಿಯುತ್ತಿತ್ತು, ವೇಗ ಕುಸಿಯುತ್ತಿತ್ತು. ಅನುಭವಸ್ಥರಾದ ಇಬ್ಬರು ಪೈಲಟ್‌ಗಳು ಮುಂದೆ ಕೂತಿದ್ದರೂ ಅದು ಗಮನಕ್ಕೆ ಬಂದದ್ದು ತೀರಾ ಕೊನೆಗೆ. ಪವರ್ ಕೊಟ್ಟರು. ಎಂಜಿನ್ ಐಡಲ್‌ನಿಂದ ಪೂರ್ತಿ ಶಕ್ತಿಗೆ ಏರಲು ಕೆಲವು ಸೆಕೆಂಡು ಬೇಕು, ಆ ಸೆಕೆಂಡುಗಳೇ ಉಳಿದಿರಲಿಲ್ಲ. ಯಂತ್ರ ಈಗ ಯಾವ ಮೋಡ್‌ನಲ್ಲಿದೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಬೇಕು ಅಂತ ನಿನಗೆ ಮುಂದೆ ಕಲಿಸುತ್ತಾರೆ. ಬೇಸರ ಪಡಬೇಡ. ಇಂಥ ಸಾವುಗಳ ಮೇಲೆಯೇ ಆ ಪದ್ಧತಿ ನಿಂತಿರುವುದು.

ಹೊರದೇಶದಲ್ಲೂ ಕಥೆ ಬೇರೆಯಲ್ಲ. 1977ರಲ್ಲಿ ಟೆನೆರಿಫ್‌ನ ರನ್‌ವೇ ಮೇಲೆ ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾಗಿ 583 ಜನ ಸತ್ತರು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದ್ದರು, ಕ್ಯಾಪ್ಟನ್ ಖಚಿತವಾಗಿ ಹೌದೆಂದರು. ಮಾತು ಅಲ್ಲಿಗೇ ನಿಂತಿತು. ಮರುವರ್ಷ ಪೋರ್ಟ್‌ಲ್ಯಾಂಡ್‌ನಲ್ಲಿ, ಚಕ್ರದ ತೊಂದರೆಯಲ್ಲೇ ಮುಳುಗಿದ ಕ್ಯಾಪ್ಟನ್ ಇಂಧನ ಮುಗಿಯುತ್ತಿರುವುದನ್ನು ಗಮನಿಸಲಿಲ್ಲ. ಜೊತೆಯವರು ಸೂಚ್ಯವಾಗಿ ಹೇಳಿದರು, ಬಲವಾಗಿ ಹೇಳಲಿಲ್ಲ. ಇವೆಲ್ಲದರ ನಂತರ 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಸಿಬ್ಬಂದಿಗೆ ಒಟ್ಟಾಗಿ ಕೆಲಸ ಮಾಡುವ ತರಬೇತಿ ಶುರುಮಾಡಿತು. ಈಗ ಅದು ಸಿಆರ್‌ಎಂ ಎಂಬ ಹೆಸರಿನಲ್ಲಿ ಎಲ್ಲ ಕಡೆ ಇದೆ. ಕಿರಿಯರಿಗೆ ಹೇಳುವುದನ್ನೂ ಹಿರಿಯರಿಗೆ ಕೇಳುವುದನ್ನೂ ಪಾಠ ಮಾಡಿ, ಪರೀಕ್ಷೆ ಇಟ್ಟು ಕಲಿಸುವ ಉದ್ಯೋಗಗಳು ಎಷ್ಟಿವೆ? ಈ ಒಂದು ಕಾರಣಕ್ಕೇ ವಿಮಾನಯಾನದ ಮೇಲೆ ನನಗೆ ಅಪಾರ ಗೌರವ.

ಕಲಿಕೆ ನಡೆಯುವುದು ಜನ ಹೆದರದೆ ಬಾಯಿಬಿಟ್ಟಾಗ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅಪಘಾತದ ತನಿಖೆಯ ಉದ್ದೇಶ ಮುಂದಿನದನ್ನು ತಪ್ಪಿಸುವುದೊಂದೇ, ಹೊಣೆ ಹೊರಿಸುವುದಲ್ಲ. ಅಮೆರಿಕದಲ್ಲಿ ನಾಸಾ 1976ರಿಂದ ಪೈಲಟ್‌ಗಳ ಸ್ವಂತ ವರದಿಗಳನ್ನು ಹೆಸರು ತೆಗೆದು ಸಂಗ್ರಹಿಸುತ್ತಿದೆ. ನಿನಗೂ ಒಂದು ದಿನ ತಪ್ಪಾಗುತ್ತದೆ ಮಗಳೇ, ಆಗದೆ ಇರುವುದಿಲ್ಲ. ಅವತ್ತು ಸಂಜೆಯೇ ಬರೆದುಕೊಡು. ನಿನ್ನ ಹಿಂದೆ ಬರುವ ಹುಡುಗಿಗೆ ಅದು ಬೇಕಾಗುತ್ತದೆ.

ಪುಸ್ತಕದಲ್ಲಿ ಬರೆದದ್ದು ಮನುಷ್ಯರ ಮೈಗೂಡಲು ತುಂಬ ಕಾಲ ಹಿಡಿಯುತ್ತದೆ. ಮಂಗಳೂರಾಗಿ ಹತ್ತು ವರ್ಷಕ್ಕೆ, 2020ರ ಆಗಸ್ಟ್ 7ರಂದು, ಅದೇ ಕಂಪನಿಯ ವಿಮಾನ ಕೋಯಿಕ್ಕೋಡಿನ ಅಂಥದೇ ಗುಡ್ಡದ ರನ್‌ವೇಯಿಂದ ಮಳೆಯಲ್ಲಿ ಕೆಳಕ್ಕೆ ಹೋಯಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ಅಲ್ಲೂ ಅರ್ಧ ರನ್‌ವೇ ಕಳೆದ ಮೇಲೆ ಚಕ್ರ ಮುಟ್ಟಿತ್ತು. ಅಲ್ಲೂ ಜೊತೆಯ ಪೈಲಟ್ ಗೋ ಅರೌಂಡ್ ಎಂದಿದ್ದರು. ಅವರು ಕಂಟ್ರೋಲ್ ತೆಗೆದುಕೊಂಡು ತಾವೇ ಮೇಲೇರಿಸಬೇಕಿತ್ತು, ಅದಾಗಲಿಲ್ಲ ಎಂದು ಈ ಸಲ ತನಿಖಾ ವರದಿ ಸ್ಪಷ್ಟವಾಗಿಯೇ ಬರೆಯಿತು. ಆ ಯುವಕನನ್ನು ನಾನು ದೂರಲಾರೆ. ಪಕ್ಕದಲ್ಲಿದ್ದದ್ದು ವಾಯುಪಡೆಯಿಂದ ಬಂದ, ಸಾವಿರಾರು ಗಂಟೆ ಹಾರಿದ ಹಿರಿಯರು. ಅಂಥವರ ಕೈಯಿಂದ ವಿಮಾನ ಕಸಿದುಕೊಳ್ಳುವುದು ನಮ್ಮ ಮಕ್ಕಳಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಆದ್ದರಿಂದ ಜಕ್ಕೂರಿನ ಮೊದಲ ದಿನದಿಂದಲೇ ರೂಢಿ ಮಾಡಿಕೊ. ಕಂಡದ್ದನ್ನು ಅಂಕಿ ಸಮೇತ ಹೇಳು. ‘ಸ್ವಲ್ಪ ಮೇಲಿದ್ದೀವೇನೋ ಸರ್’ ಅನ್ನಬೇಡ, ಎಷ್ಟು ಅಡಿ ಮೇಲಿದ್ದೀವೆಂದು ಹೇಳು. ಉತ್ತರ ಬರದಿದ್ದರೆ ಇನ್ನೊಮ್ಮೆ ಹೇಳು. ಆಗಲೂ ಬರದಿದ್ದರೆ ಏನು ಮಾಡಬೇಕು, ಯಾವ ಮಾತು ಹೇಳಿ ಕಂಟ್ರೋಲ್ ತೆಗೆದುಕೊಳ್ಳಬೇಕು ಎನ್ನುವುದನ್ನು ಇನ್‌ಸ್ಟ್ರಕ್ಟರ್ ಹತ್ತಿರ ನೆಲದ ಮೇಲಿರುವಾಗಲೇ ಕೇಳಿ ತಿಳಿದುಕೊ. ಮುಂದೆ ಕ್ಯಾಪ್ಟನ್ ಕೂರುವ ಎಡಗಡೆ ಸೀಟು ನಿನ್ನದಾದಾಗ, ಬಲಗಡೆ ಕೂತ ಹುಡುಗನಿಗೆ ಹೊರಡುವ ಮುಂಚೆಯೇ ಅದೇ ಅನುಮತಿ ಕೊಡು, ಅವನು ಕೇಳಲಿ ಅಂತ ಕಾಯಬೇಡ.

ಮಂಗಳೂರಿನ ವರದಿ ಯಾರು ಬೇಕಾದರೂ ಓದಬಹುದಾದದ್ದು. ಕ್ಲಾಸು ಶುರುವಾಗುವ ಮೊದಲು ಓದಿ ಮುಗಿಸು. ಭಾನುವಾರ ಬಾ, ನಿನಗೆ ಅರ್ಥವಾಗದ ಪುಟಗಳನ್ನು ಇಬ್ಬರೂ ಕೂತು ನೋಡೋಣ.