ಬಿಟ್ಟರೆ ಬಿಡುವು

ಪುಟ್ಟೀ,

ವಿಪಶ್ಯನ ಧ್ಯಾನದ ಮೌನ ಶಿಬಿರ ಮುಗಿಸಿ ಬಂದವಳೇ ಫೋನ್ ಮಾಡಿದೆ. "ತಾತಾ, ಬೆಳಗಿನ ಜಾವ ನಾಲ್ಕಕ್ಕೇ ಗಂಟೆ ಹೊಡೀತಿದ್ರು. ಹತ್ತು ದಿನದಲ್ಲಿ ಮೊಣಕಾಲು ನೋವು ಬಿಟ್ಟು ಬೇರೇನೂ ಸಿಗಲಿಲ್ಲ. ಪಕ್ಕದ ಹುಡುಗಿ ಮಾತ್ರ ಮೌನ ಮುಗಿದ ದಿನ ಆನಂದ, ಆನಂದ ಅಂತಿದ್ಲು. ನನಗ್ಯಾಕೆ ಬರಲಿಲ್ಲ?" ಅಂದೆ. ಆಗ ಉತ್ತರ ತೋಚಲಿಲ್ಲ, ಈಗ ಬರೆಯುತ್ತಿದ್ದೇನೆ. ನಾನೇನು ಭಿಕ್ಷುವಲ್ಲ, ಪಂಡಿತನೂ ಅಲ್ಲ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು, ಮುಸುಕಿನ ಜೋಳ ಬೆಳೆದುಕೊಂಡು, ಬೈಲಕುಪ್ಪೆಯ ಟಿಬೆಟಿಯನ್ನರ ನೆರೆಯಲ್ಲಿ ಮುದುಕನಾದವನು. ಅವರನ್ನು ನೋಡಿ ನೋಡಿ ಬುದ್ಧನ ಕಥೆ ಓದುವ ಚಟ ಹತ್ತಿತು, ಅಷ್ಟೇ.

ನಿನಗಾದದ್ದು ಸಿದ್ಧಾರ್ಥನಿಗೂ ಆಗಿತ್ತು. ಮನೆ ಬಿಟ್ಟ ಮೇಲೆ ಆರು ವರ್ಷ ಮೈ ದಂಡಿಸಿದ. ಉಸಿರು ಬಿಗಿಹಿಡಿದ. ಹೊಟ್ಟೆ ಮುಟ್ಟಿದರೆ ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿದ. ಏನೂ ದಕ್ಕದೆ ಕೂತಿದ್ದಾಗ ಚಿಕ್ಕಂದಿನ ಒಂದು ದಿನ ನೆನಪಾಯಿತು. ಅಂದು ಅಪ್ಪ ಕೆಲಸದಲ್ಲಿದ್ದ. ಹುಡುಗ ಜಂಬೂ ಮರದ, ಅಂದರೆ ನಮ್ಮ ನೇರಳೆಯ, ತಂಪಿನಲ್ಲಿ ಸುಮ್ಮನೆ ಕುಳಿತಿದ್ದ. ಮನಸ್ಸು ತಾನಾಗಿ ತಿಳಿಯಾಗಿ ಒಳಗೊಂದು ಸುಖ ಹುಟ್ಟಿತ್ತು. ಯಾರಿಂದಲೂ ಕಿತ್ತುಕೊಳ್ಳದ, ಯಾವ ಆಸೆಯ ಬೆನ್ನೂ ಹತ್ತದ ಆ ಸುಖಕ್ಕೆ ತಾನು ಯಾಕೆ ಹೆದರಬೇಕು ಎಂದು ತನ್ನನ್ನೇ ಕೇಳಿಕೊಂಡ. ಎದ್ದು ಅನ್ನ ಉಂಡ. ಜೊತೆಗಿದ್ದ ಐವರು ತಪಸ್ವಿಗಳು ಇವನು ಕೆಟ್ಟ ಎಂದುಕೊಂಡು ಹೊರಟುಹೋದರು. ಅವನು ಆ ನೇರಳೆಯ ನೆರಳನ್ನು ನೆನೆದುಕೊಂಡೇ ಬೋಧಿವೃಕ್ಷದವರೆಗೆ ನಡೆದ.

ಮುಂದೆ ಅವನು ಹೇಳಿಕೊಟ್ಟ ಕ್ರಮವನ್ನು ನೋಡು. ನಡತೆ ನೇರವಾಗಿದ್ದರೆ ಒಳಗೆ ಪಶ್ಚಾತ್ತಾಪದ ಕೊರೆತ ಇರುವುದಿಲ್ಲ. ಕೊರೆತ ಇಲ್ಲದ ಕಡೆ ನಲಿವು, ನಲಿವಿನಿಂದ ಪೀತಿ, ಎಂದರೆ ಎದೆ ಉಕ್ಕುವ ಹಿಗ್ಗು, ಪೀತಿಯಿಂದ ಪಸ್ಸದ್ಧಿ, ಎಂದರೆ ಮೈಮನಸ್ಸು ತಣ್ಣಗಾಗುವುದು, ಅದರಿಂದ ಸುಖ, ಆಮೇಲೆ ಸಮಾಧಿ. ಇವು ಬರಲಿ ಎಂದು ಸಂಕಲ್ಪ ಮಾಡಬೇಕಾಗಿಲ್ಲ, ಒಂದು ತುಂಬಿದರೆ ಇನ್ನೊಂದಕ್ಕೆ ಹರಿಯುವುದು ಸಹಜ ಎಂದೂ ಹೇಳಿದ್ದಾನೆ. ನಮ್ಮ ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ನೀರು ಇಳಿಯುವುದನ್ನು ನೀನೇ ಕಂಡಿದ್ದೀಯಲ್ಲ. ಕೋಡಿಯನ್ನು ಯಾರಾದರೂ ಎಳೆದು ತರುತ್ತಾರೆಯೇ? ನೀನು ಕೆರೆ ತುಂಬುವ ಮೊದಲೇ ಕೋಡಿಯ ಹತ್ತಿರ ಬಿಂದಿಗೆ ಹಿಡಿದು ನಿಂತೆ.

ಇನ್ನು ನಮ್ಮ ಬದುವಿನ ನೇರಳೆ ಮರ. ಅದರ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ಮರ ನನ್ನ ಕಡೆಗೆ ಒಂದು ಗೇಣು ಬರುತ್ತದೆಂದು ನಾನು, ತನ್ನ ಕಡೆಗೆಂದು ನಮ್ಮಣ್ಣ. ಒಂಬತ್ತು ವರ್ಷ ಮಾತಿಲ್ಲ, ಕಥೆಯಿಲ್ಲ. ಹಣ್ಣಿನ ಕಾಲದಲ್ಲಿ ನಾನು ಕೋಲು ಹಿಡಿದು ಕಾವಲು ಕೂರುತ್ತಿದ್ದೆ. ಆ ಒಂಬತ್ತು ವರ್ಷದಲ್ಲಿ ಒಂದು ಹಣ್ಣಾದರೂ ರುಚಿಸಿದ ನೆನಪಿಲ್ಲ.

ಹಾಗಿರುವಾಗ ಬೈಲಕುಪ್ಪೆಯ ಮಠವೊಂದರಲ್ಲಿ ಮರಳಿನ ಮಂಡಲ ನೋಡಿದೆ. ಸಣ್ಣ ಲೋಹದ ಕೊಳವೆಯಲ್ಲಿ ಬಣ್ಣದ ಮರಳು ತುಂಬಿ, ಕೊಳವೆಯ ಮೈ ಉಜ್ಜಿ ಉಜ್ಜಿ, ಕಾಳುಕಾಳಾಗಿ ಉದುರಿಸಿ ದಿನಗಟ್ಟಲೆ ಬಿಡಿಸುತ್ತಾರೆ. ಪೂಜೆ ಮುಗಿಯಿತೋ, ಗುಡಿಸಿ ಗುಡ್ಡೆ ಮಾಡಿ ಹರಿಯುವ ನೀರಿಗೆ ಬಿಡುತ್ತಾರೆ. "ಹೊಟ್ಟೆ ಉರಿಯಲ್ವೇನಪ್ಪಾ?" ಎಂದು ಅಲ್ಲಿದ್ದ ಹುಡುಗ ಭಿಕ್ಷುವನ್ನು ಕೇಳಿದೆ. ಅವನು ನಗುತ್ತಾ, ನಮ್ಮದೇ ಕನ್ನಡದಲ್ಲಿ, "ಮುಂದಿನ್ದಕ್ಕೆ ಜಾಗ ಬೇಕಲ್ಲಾ ಅಣ್ಣಾ" ಅಂದ.

ಆ ವರ್ಷ ಅಣ್ಣನ ಮೊಮ್ಮಕ್ಕಳು ಮರ ಹತ್ತಿದಾಗ ನಾನು ಜಗುಲಿಯಿಂದ ಏಳಲಿಲ್ಲ. ನಾನು ಮಾಡಿದ್ದು ಇಷ್ಟೇ: ಏಳಲಿಲ್ಲ. ಬಾಯೆಲ್ಲ ನೀಲಿ ಮಾಡಿಕೊಂಡು ಅವು ನಗುತ್ತಿದ್ದರೆ ನನ್ನ ಎದೆಯಲ್ಲಿ ಏನೋ ಉಕ್ಕಿತು. ಅದಕ್ಕೆ ಪೀತಿ ಎಂಬ ಹೆಸರಿದೆ ಎಂದು ಆಮೇಲೆ ಓದಿ ತಿಳಿದೆ. ಅಣ್ಣ ಮಾತ್ರ ಇನ್ನೂ ಒಂದು ವರ್ಷ ಮಾತಾಡಲಿಲ್ಲ. ಅವನು ಮಾತಾಡಲಿ ಎಂದೇ ನಾನು ಬಿಟ್ಟಿದ್ದರೆ ಅದೂ ಒಂದು ವ್ಯಾಪಾರ ಆಗುತ್ತಿತ್ತು.

ಭದ್ದಿಯ ಎಂಬ ಭಿಕ್ಷುವೊಬ್ಬನಿದ್ದ. ಮೊದಲು ಶಾಕ್ಯರ ರಾಜ. ಅನುಪಿಯ ಎಂಬ ಊರಿನ ಮಾವಿನ ತೋಪಿನಲ್ಲಿದ್ದಾಗ ಕಾಡಿನಲ್ಲಿ, ಮರದ ಬುಡದಲ್ಲಿ, ಎಲ್ಲೇ ಕೂತರೂ "ಆಹಾ ಸುಖವೇ" ಎನ್ನುತ್ತಿದ್ದ. ಇವನಿಗೆ ಅರಮನೆಯ ಭೋಗ ನೆನಪಾಗುತ್ತಿದೆ ಎಂದು ಉಳಿದವರು ದೂರು ಒಯ್ದರು. ಬುದ್ಧ ಕರೆಸಿ ಕೇಳಿದಾಗ ಅವನು ಹೇಳಿದ್ದು: ಅರಮನೆಯ ಒಳಗೂ ಹೊರಗೂ, ಊರಲ್ಲೂ ನಾಡಲ್ಲೂ ಕಾವಲಿತ್ತು; ಆದರೂ ಹೆದರಿ ನಡುಗುತ್ತಿದ್ದೆ. ಈಗ ಒಬ್ಬನೇ ಕಾಡಲ್ಲಿದ್ದೇನೆ, ಭಯವಿಲ್ಲ. ನೋಡು, ನನ್ನ ಒಂದು ಮರಕ್ಕೆ ಒಂದು ಕೋಲು, ಅವನ ರಾಜ್ಯಕ್ಕೆ ಅಷ್ಟು ಸೈನಿಕರು. ಹಿಡಿದದ್ದು ದೊಡ್ಡದಾದಷ್ಟೂ ಕಾವಲೂ ದೊಡ್ಡದು.

ಹಾಗೆಂದು ಎಲ್ಲವನ್ನೂ ಬಿಟ್ಟು ಕೂರು ಎನ್ನುತ್ತಿಲ್ಲ. ದುಡಿದ ಸಂಬಳ ಕೊಡದವನನ್ನು ಕೇಳು, ಗಟ್ಟಿಯಾಗಿಯೇ ಕೇಳು. ಕೇಳಿ ಬಂದ ಮೇಲೆ ರಾತ್ರಿಯೆಲ್ಲ ಅವನನ್ನು ಹಾಸಿಗೆಗೆ ಕರೆತರಬೇಡ. ಬುದ್ಧ ಹೇಳಿದ ಉಪೇಕ್ಷೆ ನಮ್ಮ ಆಡುಮಾತಿನ ಅಸಡ್ಡೆಯಲ್ಲ. ಏನು ಬಂದರೂ ಹದ ತಪ್ಪದ ಮನಸ್ಸು.

ಸಾಧನೆಗೂ ಹದ ಬೇಕು. ಸೋಣ ಎಂಬ ಸಿರಿವಂತರ ಮಗ ಭಿಕ್ಷುವಾಗಿ, ಅಂಗಾಲು ಒಡೆದು ನೆತ್ತರು ಸುರಿಯುವ ತನಕ ನಡೆದು ಧ್ಯಾನ ಮಾಡಿದ. ಅವನು ವೀಣೆ ಬಲ್ಲವನು. ತಂತಿ ಬಿಗಿ ಹೆಚ್ಚಾದರೆ ನುಡಿಯುತ್ತದೆಯೇ, ಸಡಿಲವಾದರೆ ನುಡಿಯುತ್ತದೆಯೇ ಎಂದು ಬುದ್ಧ ಕೇಳಿದ. ನಿನ್ನ ಮೊಣಕಾಲಿಗೂ ಅದೇ ಪಾಠ. ದಿನಕ್ಕೆ ಹದಿನೈದು ನಿಮಿಷ ಕೂರು, ಕುರ್ಚಿಯಲ್ಲಾದರೂ ಸರಿ. ಹೊರಹೋಗುವ ಉಸಿರನ್ನು ಕಡೆಯ ತನಕ ನೋಡು. ಒಳಗೆ ಬರುವುದು ತಾನೇ ಬರುತ್ತದೆ.

ವಾರಕ್ಕೊಂದು ಸಲ ಏನಾದರೂ ಕೊಡು. ನೀನು ಆ ಹತ್ತು ದಿನ ಉಂಡದ್ದೂ ಹಿಂದೆ ಕಲಿತು ಹೋದ ಯಾರೋ ಕೊಟ್ಟ ದುಡ್ಡಿನ ಅನ್ನವೇ. ಪಕ್ಕದ ಹುಡುಗಿಗೆ ಆನಂದ ಸಿಕ್ಕಿತು ಅಂದೆಯಲ್ಲ, ಅದನ್ನು ಕಂಡು ನೀನೂ ನಲಿಯುವುದಾದರೆ ಅದಕ್ಕೆ ಮುದಿತೆ ಎಂದು ಹೆಸರು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂದು ಬುದ್ಧ ಹೇಳಿದ ನಾಲ್ಕು ಭಾವಗಳಲ್ಲಿ ಅದು ಮೂರನೆಯದು. ನೀನು ಹುಡುಕುತ್ತಿದ್ದದ್ದು ಪಕ್ಕದ ಚಾಪೆಯ ಮೇಲೇ ಕೂತಿತ್ತು ಕಣೇ.

ನಮ್ಮ ಮಾತನ್ನೇ ಕೇಳಿಸಿಕೋ. ಬಿಡುವು ಹುಟ್ಟಿದ್ದು 'ಬಿಡು'ವಿನಿಂದ, ಬಿಡುಗಡೆಯೂ ಅದರಿಂದಲೇ. ಉಸಿರನ್ನೂ ಬಿಡುತ್ತೇವೆ. ಮರ ಹಣ್ಣು 'ಕೊಡುತ್ತದೆ' ಅನ್ನುವುದಕ್ಕಿಂತ ಹಣ್ಣು 'ಬಿಟ್ಟಿದೆ' ಅನ್ನುವುದೇ ನಮ್ಮ ರೂಢಿ.

ಬದುವಿನ ನೇರಳೆ ಈ ಸಲ ಚೆನ್ನಾಗಿ ಬಿಟ್ಟಿದೆ. ರಜೆ ಹಾಕಿ ಬಾ. ಕೋಲನ್ನು ಎಂದೋ ಒಲೆಗೆ ಹಾಕಿದೆ.

ನಿನ್ನ ತಾತ