ಫರ್ಶಿ ನೆಲದ ಜೋಪಾಸನೆ: ಮಾರಾಟದೊಂದಿಗೆ ಮುಗಿಯದ ಹೊಣೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಕಲ್ಲಿನ ವ್ಯಾಪಾರಸ್ಥರಿಗೂ ಪಾಲಿಶ್ ಘಟಕಗಳ ಮಾಲೀಕರಿಗೂ ಒಂದು ದೂರು ಚೆನ್ನಾಗಿ ಪರಿಚಿತ. ಗೃಹಪ್ರವೇಶವಾಗಿ ಆರು ತಿಂಗಳು ಕಳೆಯುವ ಮೊದಲೇ ಗಿರಾಕಿ ಅಂಗಡಿಗೆ ಬಂದು, ನೆಲದ ಹೊಳಪು ಹೋಗಿದೆ, ಅಲ್ಲಲ್ಲಿ ಬೆಳ್ಳಗಾಗಿದೆ, ಆದ್ದರಿಂದ ಮಾಲು ಸರಿಯಿಲ್ಲವೆಂದು ಹೇಳುತ್ತಾನೆ. ಅವನ ತಮ್ಮನೋ ನೆರೆಯವನೋ ಮುಂದೆ ಮನೆ ಕಟ್ಟಿಸುವಾಗ ಕಲ್ಲನ್ನು ಬಿಟ್ಟು ವಿಟ್ರಿಫೈಡ್ ಟೈಲ್ಸ್ ಕೊಳ್ಳುತ್ತಾನೆ. ಹೀಗೆ ಒಂದು ನೆಲ ಕೆಟ್ಟರೆ ಹತ್ತು ಮನೆಗಳ ವ್ಯಾಪಾರ ಕೈತಪ್ಪುತ್ತದೆ. ಇಂತಹ ದೂರುಗಳನ್ನು ಸ್ಥಳದಲ್ಲಿ ಪರಿಶೀಲಿಸಿದರೆ ಬಹುಮಟ್ಟಿಗೆ ದೋಷ ಕಲ್ಲಿನದಾಗಿರುವುದಿಲ್ಲ. ನೆಲವನ್ನು ತೊಳೆಯಲು ಬಳಸಿದ ಆ್ಯಸಿಡ್ಡಿನದಾಗಿರುತ್ತದೆ. ಈ ಸಂಗತಿಯನ್ನು ಗಿರಾಕಿಗೆ ಮಾರಾಟದ ದಿನವೇ ತಿಳಿಸುವವರು ಯಾರು ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಯಾವ ಕಲ್ಲು, ಎಂತಹ ಗುಣ

ನಮ್ಮ ಜಿಲ್ಲೆಯ ಭೂಮಿ ಎರಡು ಬಗೆಯ ಕಲ್ಲನ್ನು ಕೊಟ್ಟಿದೆ. ಆಳಂದ ಮತ್ತು ಅಫಜಲಪುರಗಳ ಬಹುಭಾಗ ದಖ್ಖನಿನ ಲಾವಾದಿಂದಾದ ಕರಿಕಲ್ಲಿನ ನಾಡು. ಹಳೆಯ ವಾಡೆಗಳ ಗೋಡೆ, ಮೆಟ್ಟಿಲು, ಬಾವಿಕಟ್ಟೆಗಳು ಈ ಕಲ್ಲಿನವು. ಭೀಮಾ ನದಿಯ ಕೆಳಹರಿವಿನತ್ತ, ಜೇವರ್ಗಿಯ ನದೀತೀರ, ಶಹಾಬಾದ್, ಚಿತ್ತಾಪುರ, ಸೇಡಂಗಳ ಕಡೆ ಸಾಗಿದಂತೆ ಪದರು ಪದರಾದ ಸುಣ್ಣಕಲ್ಲು ದೊರೆಯುತ್ತದೆ. ಇದೇ ಶಹಾಬಾದ್ ಫರ್ಶಿ. ಅಕ್ಕಲಕೋಟೆ, ಸೋಲಾಪುರಗಳ ಗಿರಾಕಿಗಳೂ 'ಶಹಾಬಾದಿ ಫರಶಿ' ಎಂದೇ ಕೇಳಿ ಪಡೆಯುವಷ್ಟು ಇದರ ಹೆಸರು ಮರಾಠಿ ಮನೆಮಾತಿನಲ್ಲಿ ಬೇರೂರಿದೆ.

ಕರಿಕಲ್ಲಿಗೆ ಆಮ್ಲ ಬೇಗನೆ ತಾಗುವುದಿಲ್ಲ. ಸುಣ್ಣಕಲ್ಲಿನ ಮುಖ್ಯ ಅಂಶವಾದರೋ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಬಿದ್ದೊಡನೆ ಅದು ನೊರೆಗಟ್ಟಿ ಕರಗುತ್ತದೆ. ತಾಂಡೂರಿನ ಕಲ್ಲು, ಕಡಪದ ಕರಿ ಫರ್ಶಿ, ರಾಜಸ್ಥಾನದ ಕೋಟಾ ಕಲ್ಲು ಇವೆಲ್ಲವೂ ಸುಣ್ಣಕಲ್ಲುಗಳೇ. ಅಮೃತಶಿಲೆಯೂ ಇದೇ ಕುಲದ್ದು. ಕಡಪ ಕಲ್ಲು ಕಪ್ಪಗಿರುವುದರಿಂದ ಅದನ್ನು ಗ್ರಾನೈಟಿನಂತೆ ಗಟ್ಟಿಯೆಂದು ಭಾವಿಸಿ ಅಡುಗೆಕಟ್ಟೆಗೆ ಹಾಕಿಸಿ, ನಿಂಬೆಹಣ್ಣು ಹಿಂಡಿದಲ್ಲೆಲ್ಲ ಬೂದುಬಣ್ಣದ ಕಲೆ ಕಂಡು ಬೇಸರಪಡುವವರು ಅನೇಕರು.

ಸಂದೇಹವಿದ್ದಲ್ಲಿ ಪರೀಕ್ಷೆ ಸುಲಭ. ಪಾಲಿಶ್ ಮಾಡಿದ ತುಂಡೊಂದರ ಮೇಲೆ ಎರಡು ಹನಿ ನಿಂಬೆರಸ ಹಾಕಿ ಐದು ನಿಮಿಷ ಬಿಟ್ಟು ತೊಳೆಯಬೇಕು. ಹನಿ ಬಿದ್ದಲ್ಲಿ ಹೊಳಪು ಮಾಸಿದ್ದರೆ ಅದು ಸುಣ್ಣದ ಕುಲದ ಕಲ್ಲು. ಕರಿಕಲ್ಲಿನ ಸಣ್ಣ ಗುಳಿಗಳಲ್ಲಿರುವ ಬಿಳಿಯ ಚುಕ್ಕೆಗಳು ಕೆಲವೊಮ್ಮೆ ಸುಣ್ಣದ ಹರಳುಗಳಾಗಿರುವುದರಿಂದ ಚುಕ್ಕೆಯಿಲ್ಲದ ಭಾಗದಲ್ಲಿ ಪರೀಕ್ಷಿಸುವುದು ಒಳಿತು. ಗಿರಾಕಿಯ ಕಣ್ಣೆದುರಿಗೇ ಈ ಪರೀಕ್ಷೆ ಮಾಡಿ ತೋರಿಸಿದರೆ ಬಾಯಿಮಾತಿನ ಹತ್ತು ಎಚ್ಚರಿಕೆಗಳಿಗಿಂತ ಹೆಚ್ಚು ಪರಿಣಾಮವಾಗುತ್ತದೆ.

ಸುಣ್ಣಕಲ್ಲು ದುರ್ಬಲವೆಂದು ಇದರಿಂದ ತಿಳಿಯಬಾರದು. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ದೊರೆತ ಬೌದ್ಧಸ್ತೂಪದ ಶಿಲ್ಪಫಲಕಗಳು ಸುಣ್ಣಕಲ್ಲಿನವೇ. ಅಶೋಕನ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಕೊರೆದಿರುವ ಫಲಕವೂ ಅವುಗಳಲ್ಲಿದೆ. ಸುಮಾರು ಎರಡು ಸಾವಿರ ವರ್ಷಗಳ ನಂತರವೂ ಅಕ್ಷರಗಳು ಓದಲು ಬರುತ್ತವೆ. ಅಷ್ಟು ಬಾಳಿದ ಕಲ್ಲು ನಮ್ಮ ಪಡಸಾಲೆಯಲ್ಲಿ ಆರು ತಿಂಗಳಿಗೆ ಕೆಡುವುದಾದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಮೊದಲ ತೊಳೆತವೇ ಮೊದಲ ಪೆಟ್ಟು

ಮನೆಯ ಕೆಲಸ ಮುಗಿದಾಗ ನೆಲದ ಮೇಲೆ ಸಿಮೆಂಟಿನ ಚುಕ್ಕೆ, ಬಣ್ಣದ ಹನಿಗಳು ಉಳಿದಿರುತ್ತವೆ. ಅವನ್ನು ತೆಗೆಯಲು ಗೌಂಡಿಯವರು ಬಕೆಟ್ ನೀರಿಗೆ ಹೈಡ್ರೊಕ್ಲೋರಿಕ್ ಆ್ಯಸಿಡ್ ಬೆರೆಸಿ ಸುರಿಯುವುದು ರೂಢಿಯಾಗಿದೆ. ಟೈಲ್ಸ್ ಮೇಲೆ ಈ ಪದ್ಧತಿ ಹೇಗೋ ನಡೆದುಹೋಗುತ್ತದೆ. ಫರ್ಶಿಯ ಮೇಲಾದರೆ ಆ್ಯಸಿಡ್ ಸಿಮೆಂಟನ್ನೂ ಕಲ್ಲನ್ನೂ ಒಂದೇ ರೀತಿಯಲ್ಲಿ ತಿನ್ನುತ್ತದೆ, ಏಕೆಂದರೆ ಎರಡರಲ್ಲಿಯೂ ಸುಣ್ಣದ ಅಂಶವಿದೆ. ಪಾಲಿಶ್ ಯಂತ್ರದಿಂದ ಹಂತ ಹಂತವಾಗಿ ತಂದ ಹೊಳಪು ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ, ಮೇಲ್ಮೈಯ ರಂಧ್ರಗಳು ತೆರೆದುಕೊಳ್ಳುತ್ತವೆ. ಮುಂದೆ ಎಣ್ಣೆ, ಅರಿಶಿನ, ಚಹಾ ಯಾವುದು ಬಿದ್ದರೂ ಒಳಗಿಳಿಯುತ್ತದೆ. ಇನ್ನೊಂದು ಹಾನಿ ಕಣ್ಣಿಗೆ ತಡವಾಗಿ ಕಾಣುತ್ತದೆ. ಆ್ಯಸಿಡ್ ಮತ್ತು ಸುಣ್ಣ ಸೇರಿ ಹುಟ್ಟುವ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಅದು ಸಂದುಗಳಲ್ಲಿ ಉಳಿದರೆ ಮಳೆಗಾಲದಲ್ಲಿ ನೆಲ ಎಷ್ಟು ಒರೆಸಿದರೂ ಒದ್ದೆಯಾದಂತೆ ಕಾಣುತ್ತದೆ.

ಸಿಮೆಂಟಿನ ಹನಿಯನ್ನು ಅದು ಹಸಿಯಾಗಿರುವಾಗಲೇ ಒದ್ದೆಬಟ್ಟೆಯಿಂದ ಒರೆಸುವುದು ಸರಿಯಾದ ಮಾರ್ಗ. ಗಟ್ಟಿಯಾದುದನ್ನು ನೀರಿನಲ್ಲಿ ನೆನೆಯಿಸಿ ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆದು ತೆಗೆಯಬೇಕು. ಪಾಲಿಶ್ ಆದ ನೆಲವನ್ನು ಬಣ್ಣದ ಕೆಲಸ ಮುಗಿಯುವವರೆಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ತೆಳುವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಳೆದು ಕಾಪಾಡುವುದು ಉತ್ತಮ. ಹಾಳೆ ಹಾಸುವ ಮೊದಲು ನೆಲ ಸಂಪೂರ್ಣ ಒಣಗಿರತಕ್ಕದ್ದು, ಇಲ್ಲವಾದರೆ ಒಳಗಿನ ತೇವ ಕಲೆಯಾಗಿ ನಿಲ್ಲುತ್ತದೆ. ಒದ್ದೆ ಗೋಣಿತಟ್ಟನ್ನು ಹಾಸಿದರೆ ಅದರ ಕಂದುಬಣ್ಣ ಕಲ್ಲಿಗಿಳಿಯುತ್ತದೆ.

ಪಾಲಿಶ್‌ದಾರರೇ ಕೊನೆಯ ಹಂತದಲ್ಲಿ ಆಕ್ಸಾಲಿಕ್ ಪುಡಿ ಬಳಸುತ್ತಾರಲ್ಲ ಎಂದು ಕೆಲವರು ಕೇಳುವುದುಂಟು. ನುರಿತ ಕೈ, ಅಳತೆಯ ಪುಡಿ, ಯಂತ್ರದ ಉಜ್ಜುವಿಕೆ, ತಕ್ಷಣದ ತೊಳೆತ ಇವುಗಳ ನಡುವೆ ಅದು ಹೊಳಪು ಕೊಡುತ್ತದೆ. ಮನೆಯವರು ಬಕೆಟ್ಟಿನಲ್ಲಿ ಕಲಸಿ ಸುರಿಯುವ ಪದಾರ್ಥ ಅದಲ್ಲ.

ದಿನನಿತ್ಯದ ಜೋಪಾಸನೆ

ಮನೆಯೊಳಗಿನ ಹುಳಿಯೂ ಆಮ್ಲವೇ. ಹುಣಸೆರಸ, ನಿಂಬೆ, ಮಜ್ಜಿಗೆ, ಪುಂಡಿಪಲ್ಲೆ ಚೆಲ್ಲಿದಲ್ಲಿ ಕೂಡಲೇ ಒರೆಸಿ ನೀರಿನಿಂದ ತೊಳೆಯಬೇಕು. ಹಬ್ಬದ ಮುಂಚೆ ಹಿತ್ತಾಳೆ ಕೊಡಗಳನ್ನು ಹುಣಸೆಹಣ್ಣಿನಿಂದ ಫರ್ಶಿಯ ಮೇಲೆಯೇ ತಿಕ್ಕುವ ಪದ್ಧತಿ ನಮ್ಮಲ್ಲಿದೆ. ಕೊಡ ಹೊಳೆಯುತ್ತದೆ, ಕೊಡದ ಸುತ್ತಲಿನ ನೆಲ ಮಂಕಾಗುತ್ತದೆ. ದೊಡ್ಡ ಬುಟ್ಟಿಯೊಳಗಿಟ್ಟು ತಿಕ್ಕಿದರೆ ಸಾಕು. ದೇವಲ ಗಾಣಗಾಪುರದಂತಹ ಯಾತ್ರಾಸ್ಥಳಗಳಲ್ಲಿ ವಸತಿಗೃಹ ನಡೆಸುವವರು ತೆಂಗಿನನೀರು, ಮೊಸರು, ದೀಪದ ಎಣ್ಣೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕಾಗುತ್ತದೆ.

ಎರಡನೆಯ ಶತ್ರು ಮರಳಿನ ಕಣ. ಗಡಸುತನದ ಮಾಪನದಲ್ಲಿ ಸುಣ್ಣಕಲ್ಲಿನ ಹರಳು 3ರಲ್ಲಿದ್ದರೆ ಮರಳಿನ ಹರಳು 7ರಲ್ಲಿದೆ. ಕಸ ಗುಡಿಸದೆ ನೇರವಾಗಿ ಒದ್ದೆಬಟ್ಟೆ ಎಳೆದರೆ ಅದು ಮರಳು ಕಾಗದ ಉಜ್ಜಿದಂತೆಯೇ ಸರಿ. ಮೊದಲು ಮೃದುವಾದ ಪೊರಕೆ, ನಂತರ ಬಟ್ಟೆ. ಬಾಗಿಲಿನ ಹೊರಗೊಂದು, ಒಳಗೊಂದು ಕಾಲೊರಸು.

ನೀರಿಗೆ ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ ದ್ರವ ಸಾಬೂನನ್ನು ಕೆಲವೇ ಹನಿ ಹಾಕಿದರೆ ಸಾಕು. ಸಾಮಾನ್ಯ ಸಾಬೂನು ನಮ್ಮ ಕೊಳವೆಬಾವಿಗಳ ಗಡಸು ನೀರಿನೊಂದಿಗೆ ಸೇರಿ ಜಿಡ್ಡಿನ ಪೊರೆ ಕಟ್ಟುತ್ತದೆ. ಸೀಮೆಎಣ್ಣೆ ಬೆರೆಸಿ ಒರೆಸಿದರೆ ತಾತ್ಕಾಲಿಕ ಹೊಳಪು ಕಂಡರೂ ಆ ಎಣ್ಣೆಗೆ ಧೂಳು ಅಂಟಿ ನೆಲ ಕಪ್ಪಾಗುತ್ತದೆ, ಬೆಂಕಿಯ ಭಯ ಬೇರೆ. ಗಡಸು ನೀರು ಆರಿದಲ್ಲಿ ಉಳಿಯುವ ಬಿಳಿಪೊರೆಯೂ ಸುಣ್ಣವೇ ಆದುದರಿಂದ, ಅದನ್ನು ಕರಗಿಸುವ ಯಾವ ಔಷಧಿಯೂ ಕೆಳಗಿನ ಕಲ್ಲನ್ನು ಬಿಡುವುದಿಲ್ಲ. ಬಚ್ಚಲಿನಲ್ಲಿ ಸ್ನಾನವಾದ ನಂತರ ನೀರನ್ನು ಎಳೆದು ಒಣಗಿಸುವುದೊಂದೇ ದಾರಿ. ಬ್ಲೀಚಿಂಗ್ ಪುಡಿಯನ್ನು ಆ್ಯಸಿಡ್ ಜೊತೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಾಪಾಯಕಾರಿ.

ಎಣ್ಣೆಯ ಕಲೆಗೆ ಮುಲ್ತಾನಿ ಮಿಟ್ಟಿ ಅಥವಾ ಚಾಕ್ ಪುಡಿಯನ್ನು ದ್ರವ ಸಾಬೂನು, ನೀರಿನೊಂದಿಗೆ ಗಟ್ಟಿಯಾಗಿ ಕಲಸಿ ಅರ್ಧ ಇಂಚು ದಪ್ಪ ಮೆತ್ತಬೇಕು. ಪ್ಲಾಸ್ಟಿಕ್ ಮುಚ್ಚಿ 24 ಗಂಟೆ ಬಿಟ್ಟು, ನಂತರ ಮುಚ್ಚಳ ತೆಗೆದು ಸಂಪೂರ್ಣ ಒಣಗಲು ಬಿಡಬೇಕು. ಒಣಗುವ ಹೊತ್ತಿನಲ್ಲಿ ಪುಡಿ ಎಣ್ಣೆಯನ್ನು ಮೇಲಕ್ಕೆ ಹೀರುತ್ತದೆ. ಒಂದು ಸಲಕ್ಕೆ ಹೋಗದಿದ್ದರೆ ಎರಡು ಮೂರು ಸಲ ಮಾಡಬಹುದು. ತುಕ್ಕಿನ ಕಲೆ ಮಾತ್ರ ಹಟಮಾರಿ. ಗ್ಯಾಸ್ ಸಿಲಿಂಡರ್, ಕಬ್ಬಿಣದ ಮಂಚದ ಕಾಲುಗಳ ಕೆಳಗೆ ಬಿಲ್ಲೆ ಇಡುವುದೇ ಮೇಲು.

ಕೆಳಗಿನ ಮಣ್ಣು, ಒಳಗಿನ ತೇವ

ಎರೆಭೂಮಿಯಲ್ಲಿ ಕಟ್ಟಿದ ಮನೆಗಳಲ್ಲಿ ಜೋಪಾಸನೆ ನೆಲದ ಕೆಳಗಿನಿಂದ ಆರಂಭವಾಗತಕ್ಕದ್ದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಫರ್ಶಿ ಏಳುತ್ತದೆ, ಸಂದು ಬಿಡುತ್ತದೆ. ಎರೆಯನ್ನು ತೆಗೆದು ಗರಸು ತುಂಬಿ ಚೆನ್ನಾಗಿ ದಮ್ಮಸು ಮಾಡಿಸದ ಮನೆಗೆ ಎಷ್ಟು ಉತ್ತಮ ಕಲ್ಲು ಕೊಟ್ಟರೂ ದೂರು ತಪ್ಪಿದ್ದಲ್ಲ.

ಮಳೆಗಾಲದ ನಂತರ ನೆಲದ ಮೇಲೆ ಬಿಳಿ ಹಿಟ್ಟಿನಂತೆ ಉಕ್ಕುವುದು ಮಣ್ಣಿನ ಮತ್ತು ಸಿಮೆಂಟಿನ ಲವಣ. ನೀರು ಹಾಕಿ ತೊಳೆದರೆ ಅದು ಕರಗಿ ಒಳಗಿಳಿದು ಮತ್ತೆ ಮೇಲೇಳುತ್ತದೆ. ಒಣಬ್ರಷ್‌ನಿಂದ ಗುಡಿಸಿ ತೆಗೆದು, ತೇವ ಬರುವ ಮೂಲವನ್ನು ಹುಡುಕಿ ನಿಲ್ಲಿಸಬೇಕು. 2020ರ ಅಕ್ಟೋಬರಿನ ಭೀಮಾ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ತಾಲೂಕುಗಳ ನದೀತೀರದ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅಂತಹ ಸಂದರ್ಭದಲ್ಲಿ ಕೆಸರನ್ನು ಹಸಿಯಿರುವಾಗಲೇ ಎಳೆದು ಹಾಕಿ, ಬರಿಯ ನೀರಿನಿಂದ ತೊಳೆದು, ಕಲ್ಲು ಮತ್ತು ಕೆಳಗಿನ ಭರ್ತಿ ಆರಲು ತಿಂಗಳುಗಟ್ಟಲೆ ಅವಕಾಶ ಕೊಡಬೇಕು. ಅವಸರದಿಂದ ಪಾಲಿಶ್ ಅಥವಾ ಸೀಲರ್ ಮಾಡಿಸುವುದು ಹಣ ಪೋಲು ಮಾಡಿದಂತೆ.

ಸೀಲರ್ ಬಗ್ಗೆ ನಮ್ಮ ಅಂಗಡಿಗಳಲ್ಲಿ ತುಸು ಅತಿಶಯೋಕ್ತಿ ನಡೆಯುತ್ತಿದೆ. ಕಲ್ಲಿನೊಳಗಿಳಿಯುವ ಸೀಲರ್ ಎಣ್ಣೆ, ನೀರು ಹೀರುವುದನ್ನು ನಿಧಾನಗೊಳಿಸುತ್ತದೆ, ಆದರೆ ಹುಳಿಯ ಕಲೆಯನ್ನು ತಡೆಯುವುದಿಲ್ಲ. ಮೇಲೆ ಬಳಿಯುವ ವಾರ್ನಿಷ್‌ನಂತಹ ಲೇಪ ಕೆಳಗಿನ ತೇವವನ್ನು ಹಿಡಿದಿಟ್ಟು ಕಾಲಾಂತರದಲ್ಲಿ ಸುಲಿಯುತ್ತದೆ. ಸೀಲರ್ ಬೇಕೋ ಬೇಡವೋ ತಿಳಿಯಲು ಒಂದು ಚಮಚ ನೀರು ಹಾಕಿ ಹದಿನೈದು ನಿಮಿಷ ನೋಡಿದರೆ ಸಾಕು. ಕಲ್ಲು ಕಪ್ಪಾಗದಿದ್ದರೆ ಸದ್ಯಕ್ಕೆ ಅಗತ್ಯವಿಲ್ಲವೆಂದು ಗಿರಾಕಿಗೆ ಪ್ರಾಮಾಣಿಕವಾಗಿ ಹೇಳಬೇಕು.

ವ್ಯಾಪಾರಸ್ಥರು ಮಾಡಬೇಕಾದುದು

ಬಿಲ್ಲಿನೊಂದಿಗೆ ಕನ್ನಡದಲ್ಲಿ ಮುದ್ರಿಸಿದ ಅರ್ಧಪುಟದ ಸೂಚನಾಪತ್ರವನ್ನು ಕೊಡುವುದು ಅಲ್ಪ ಖರ್ಚಿನ ಕೆಲಸ. ಮೊದಲ ಸಾಲಿನಲ್ಲಿಯೇ ಆ್ಯಸಿಡ್ ಬಳಸಬಾರದೆಂದು ದೊಡ್ಡ ಅಕ್ಷರಗಳಲ್ಲಿರಲಿ. ಒಂದು ಪ್ರತಿ ಗೌಂಡಿಯವರ ಕೈಗೂ ಸೇರಲಿ, ಏಕೆಂದರೆ ಬಕೆಟ್ ಅವರ ಕೈಯಲ್ಲಿದೆ. 2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಿಯಾದ ಬಳಕೆಯ ಸೂಚನೆ ಮತ್ತು ಎಚ್ಚರಿಕೆ ಕೊಡದಿರುವುದನ್ನೂ ಉತ್ಪನ್ನ ಹೊಣೆಗಾರಿಕೆಯ ಆಧಾರಗಳಲ್ಲಿ ಸೇರಿಸಿದೆ. ನೆಲ ತೊಳೆಯುವ ದ್ರಾವಣಗಳನ್ನು ತಯಾರಿಸುವ ಸಣ್ಣ ಘಟಕಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಲ್ಲಿನ ಜೊತೆ ಆ್ಯಸಿಡ್ ಕೂಡ ಮಾರುವ ಅಂಗಡಿಗಳು ಸರ್ವೋಚ್ಚ ನ್ಯಾಯಾಲಯದ 2013ರ ಆದೇಶದಂತೆ ಕೊಳ್ಳುವವರ ಗುರುತಿನ ಚೀಟಿ ನೋಡಿ, ವಿಳಾಸವನ್ನೂ ಕಾರಣವನ್ನೂ ವಹಿಯಲ್ಲಿ ಬರೆದುಕೊಳ್ಳಬೇಕು. 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಕಾರಣದ ಕಾಲಂನಲ್ಲಿ 'ಫರ್ಶಿ ತೊಳೆಯಲು' ಎಂದು ಬರೆಯಬೇಕಾಗಿ ಬಂದಾಗ ವ್ಯಾಪಾರಿಯೇ ಒಂದು ಮಾತು ಹೇಳಿ ತಡೆಯಬಹುದು.

ಮಾಸಿದ ನೆಲವನ್ನು ಕಿತ್ತುಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಆ್ಯಸಿಡ್ ತಿಂದ ಪದರು ತೆಳುವಾದುದು. ಯಂತ್ರದಿಂದ ಮರುಪಾಲಿಶ್ ಮಾಡಿದರೆ ಹೊಸ ಕಲ್ಲು ಹೊರಬರುತ್ತದೆ. ಟೈಲ್ಸ್‌ಗೆ ಈ ಸೌಲಭ್ಯವಿಲ್ಲವೆಂಬುದನ್ನು ಗಿರಾಕಿಗೆ ತಿಳಿಸಲು ನಾವು ಏಕೆ ಸಂಕೋಚಪಡಬೇಕೋ ತಿಳಿಯದು. ಒಡೆದ ಫರ್ಶಿಯನ್ನು ಬದಲಿಸಬೇಕಾದಾಗ ಮಾತ್ರ ತೊಡಕು. ಒಂದೇ ಗಣಿಯಲ್ಲಿಯೂ ಪದರಿನಿಂದ ಪದರಿಗೆ ಬಣ್ಣ ಬದಲಾಗುವುದರಿಂದ ಎರಡು ವರ್ಷಗಳ ನಂತರ ಅದೇ ಛಾಯೆ ಸಿಗುವುದು ಕಷ್ಟ. ಆದುದರಿಂದ ಮನೆಗೆ ಮಾಲು ಕಳುಹಿಸುವ ದಿನವೇ ಅದೇ ಲಾಟಿನ ನಾಲ್ಕೈದು ಫರ್ಶಿಗಳನ್ನು ಹೆಚ್ಚಾಗಿ ಕೊಟ್ಟು, ಮಾಳಿಗೆಯ ಮೇಲೋ ಹಿತ್ತಲಿನಲ್ಲೋ ನಿಲ್ಲಿಸಿಟ್ಟುಕೊಳ್ಳುವಂತೆ ತಿಳಿಸತಕ್ಕದ್ದು.