ಮರಗೆಲಸದ ಮೇಲೆ ಹಕ್ಕಳೆ ಏಳುವ ಬಣ್ಣ: ಕಾರಣ ಮತ್ತು ಪರಿಹಾರ

ಅಂಗಡಿ, ಕಚೇರಿ ಅಥವಾ ಮನೆಯ ಒಳಗಿನ ಬಾಗಿಲು, ಚೌಕಟ್ಟು, ಕಪಾಟುಗಳಿಗೆ ಬಳಿದ ಬಣ್ಣವು ಕೆಲವೇ ತಿಂಗಳುಗಳಲ್ಲಿ ಹಕ್ಕಳೆಯಾಗಿ ಏಳತೊಡಗಿದರೆ ಗ್ರಾಹಕನು ದೂರುವುದು ಬಣ್ಣದ ಡಬ್ಬಿಯನ್ನು. ತಯಾರಕನು ದೂರುವುದು ಪೇಂಟರನನ್ನು. ಈ ವಿವಾದದ ನಡುವೆ ನಿಂತುಹೋಗುವುದು ಬಾಕಿ ಹಣ. ಬಿಸಿಲು, ಮಳೆ ನೇರವಾಗಿ ತಾಗದ ಒಳಭಾಗದಲ್ಲಿ ಬಣ್ಣ ಕಳಚಲು ಸಾಮಾನ್ಯ ಕಾರಣವೆಂದರೆ ಮೇಲ್ಮೈಯನ್ನು ಸರಿಯಾಗಿ ಸಿದ್ಧಪಡಿಸದಿರುವುದು.

ಕಾರಣ ಗುರುತಿಸುವ ಬಗೆ

ಕಳಚಿದ ಹಕ್ಕಳೆಯನ್ನು ತಿರುಗಿಸಿ ನೋಡಬೇಕು. ಅದರಡಿಯಲ್ಲಿ ಬರಿಯ ಮರ ಕಂಡರೆ ಪ್ರೈಮರ್ ಬಳಿದಿಲ್ಲ ಅಥವಾ ಹಸಿ ಮರಕ್ಕೆ ಬಳಿಯಲಾಗಿದೆ ಎಂದು ಶಂಕಿಸಬಹುದು. ಹಳೆಯ ಎನಾಮೆಲ್ ಹೊಳಪಿನೊಡನೆ ಹಾಗೆಯೇ ಉಳಿದಿದ್ದರೆ, ಅದನ್ನು ಉಜ್ಜದೆ, ಜಿಡ್ಡು ತೆಗೆಯದೆ ಹೊಸ ಬಣ್ಣ ಬಳಿಯಲಾಗಿದೆ. ಹಿಂಬದಿಗೆ ಪುಡಿ ಅಂಟಿದ್ದರೆ ಧೂಳು ಅಥವಾ ದುರ್ಬಲ ಪುಟ್ಟಿಯೇ ಕಾರಣ.

ಗಟ್ಟಿಯಾಗಿ ಕಾಣುವ ಭಾಗವನ್ನೂ ಪರೀಕ್ಷಿಸುವುದು ಒಳಿತು. ಬ್ಲೇಡಿನಿಂದ ಸಣ್ಣ ಚೌಕಗಳ ಗೀಟು ಎಳೆದು, ಅಂಟುಪಟ್ಟಿ ಒತ್ತಿ ಥಟ್ಟನೆ ಕೀಳಬೇಕು. ಚೌಕಗಳು ಪಟ್ಟಿಯೊಡನೆ ಬಂದರೆ ಆ ಭಾಗದ ಬಣ್ಣವನ್ನೂ ತೆಗೆಯಲೇಬೇಕು.

ದುರಸ್ತಿಯ ಕ್ರಮ

1. ಸಡಿಲ ಬಣ್ಣವನ್ನು ಹೆರೆದು, ಗಟ್ಟಿ ಬಣ್ಣದ ಅಂಚನ್ನು 100 ಅಥವಾ 120 ನಂಬರಿನ ಉಜ್ಜುಕಾಗದದಿಂದ ಇಳಿಜಾರಾಗಿಸಬೇಕು.
2. ಉಳಿದ ಹಳೆಯ ಬಣ್ಣದ ಹೊಳಪು ಪೂರ್ಣ ಮಾಸುವವರೆಗೆ 180 ನಂಬರಿನಿಂದ ಉಜ್ಜಬೇಕು. ಅಡುಗೆಮನೆ, ಹೋಟೆಲುಗಳಲ್ಲಿ ಉಜ್ಜುವ ಮೊದಲೇ ಸೋಪಿನ ನೀರಿನಿಂದ ಜಿಡ್ಡು ತೊಳೆಯಬೇಕು. ಇಲ್ಲವಾದರೆ ಜಿಡ್ಡು ಮರದೊಳಗೆ ಇಳಿಯುತ್ತದೆ.
3. ಮರ ಒಣಗಬೇಕು. ತೇವಮಾಪಕದಲ್ಲಿ ಶೇ. 12ರ ಆಸುಪಾಸು ಇದ್ದರೆ ಉತ್ತಮ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ದಿನ ಬೇಕಾಗುತ್ತದೆ.
4. ಧೂಳು ಒರೆಸಿ, ಗಂಟುಗಳಿಗೆ ಅರಗಿನ ಪಾಲಿಶ್ ಹಚ್ಚಿ, ಬರಿಯ ಮರಕ್ಕೆ ವುಡ್ ಪ್ರೈಮರನ್ನು ತೆಳುವಾಗಿ ಬಳಿಯಬೇಕು. ಪುಟ್ಟಿ ಬೇಕಾದಲ್ಲಿ ಪ್ರೈಮರಿನ ಮೇಲೆಯೇ ತುಂಬಿ, ಉಜ್ಜಿ, ಅಲ್ಲಿಗೆ ಮತ್ತೆ ಪ್ರೈಮರ್ ಕೊಡಬೇಕು.
5. ಎನಾಮೆಲನ್ನು ಎರಡು ತೆಳು ಕೋಟುಗಳಲ್ಲಿ ಬಳಿದು, ಡಬ್ಬಿಯ ಮೇಲೆ ನಮೂದಿಸಿದಷ್ಟು ಅಂತರ ಕೊಡಬೇಕು.

ಎಚ್ಚರಿಕೆ

ಮನೆ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು 10 ಲಕ್ಷ ಭಾಗಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ಕೇಂದ್ರ ಸರ್ಕಾರದ 2016ರ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಗೆ ಬಂದವು. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಅಂಥದ್ದನ್ನು ಒಣಗಿದಂತೆಯೇ ಉಜ್ಜಬಾರದು, ಸುಡಬಾರದು; ನೀರು ಹಚ್ಚಿ ಉಜ್ಜಬೇಕು. ಕೆಲಸಗಾರರಿಗೆ ಸೂಕ್ತ ಮುಖಗವಸು ಒದಗಿಸಿ, ಮಕ್ಕಳನ್ನು ದೂರವಿಡಬೇಕು.

ವ್ಯವಹಾರದ ದೃಷ್ಟಿ

ದರಪಟ್ಟಿಯಲ್ಲಿ 'ಬಣ್ಣದ ಕೆಲಸ' ಎಂಬ ಒಂದೇ ಸಾಲು ಇದ್ದಾಗ, ದರ ಇಳಿಸುವ ಒತ್ತಡಕ್ಕೆ ಮೊದಲು ಬಲಿಯಾಗುವುದು ಕಣ್ಣಿಗೆ ಕಾಣದ ಉಜ್ಜುವಿಕೆ ಮತ್ತು ಪ್ರೈಮರ್. ಮೇಲ್ಮೈ ಸಿದ್ಧತೆಯನ್ನು ಪ್ರತ್ಯೇಕ ಬಾಬ್ತಾಗಿ ನಮೂದಿಸಿ, ಪ್ರೈಮರ್ ಹಂತದಲ್ಲಿ ಗ್ರಾಹಕನಿಗೆ ತೋರಿಸಿ ಸಹಿ ಪಡೆಯುವುದು ಸೂಕ್ತ. ಅಲ್ಲಿ ಉಳಿಸಿದ ಒಂದು ದಿನದ ಕೂಲಿಯು ಮುಂದೆ ಇಡೀ ಕೆಲಸದ ಕೂಲಿಯನ್ನೇ ಎರಡನೆಯ ಬಾರಿ ತೆರುವಂತೆ ಮಾಡಬಲ್ಲದು.